ಟವರ್ ಸಿಗದ ಕಡೆ ಯಾವುದು ನಡೆಯುತ್ತೆ: ಆ್ಯಪ್ಪಾ, ವೆಬ್ಬಾ?

ಮೈಸೂರಿನ ದೇವರಾಜ ಅರಸು ರಸ್ತೆಯಲ್ಲಿ ನಿಂತು ಫೋನ್ ತೆಗೆದರೆ ಎಲ್ಲ ಆ್ಯಪ್‌ಗಳೂ ಒಳ್ಳೆಯವೇ. ಒತ್ತಿದ ತಕ್ಷಣ ತೆರೆದುಕೊಳ್ಳುತ್ತವೆ. ಅದೇ ಫೋನ್ ಹಿಡಿದು ಎಚ್.ಡಿ. ಕೋಟೆ ದಾಟಿ ಕಬಿನಿ ಹಿನ್ನೀರಿನ ಕಡೆ ಹೋಗಿ. ಇಲ್ಲವೇ ನಾಗಮಂಗಲದ ಕಡೆ ಒಳಗಿನ ಯಾವುದಾದರೂ ಹಳ್ಳಿಯ ಹೊಲದಲ್ಲಿ ನಿಲ್ಲಿ. ಎಷ್ಟೋ ಆ್ಯಪ್‌ಗಳು ಸುಮ್ನೆ ಚಕ್ರ ತಿರುಗಿಸುತ್ತಾ ಕೂರುತ್ತವೆ. ಕೆಲವು ಮಾತ್ರ ಏನೂ ಆಗದ ಹಾಗೆ ಕೆಲಸ ಮಾಡುತ್ತವೆ. ಯಾವುದು ಯಾವ ಗುಂಪಿಗೆ ಸೇರುತ್ತದೆ ಎಂದು ಅಲ್ಲಿಗೆ ಹೋದ ಮೇಲೆ ಗೊತ್ತಾದರೆ ಏನು ಪ್ರಯೋಜನ? ಮನೆಯಲ್ಲೇ ಕೂತು ತಿಳಿದುಕೊಳ್ಳಬಹುದು. ಅದಕ್ಕೇ ಈ ಲೇಖನ.

ಜನ ಸಾಮಾನ್ಯವಾಗಿ ಎರಡು ಮಾತು ನಂಬಿರುತ್ತಾರೆ. ಪ್ಲೇ ಸ್ಟೋರ್‌ನಿಂದ ಹಾಕಿಕೊಂಡ ಆ್ಯಪ್ ಆದರೆ ನೆಟ್ ಇಲ್ಲದಿದ್ದರೂ ನಡೆಯುತ್ತೆ ಅನ್ನುವುದು ಒಂದು. ವೆಬ್‌ಸೈಟ್ ಆದರೆ ನೆಟ್ ಬೇಕೇ ಬೇಕು ಅನ್ನುವುದು ಇನ್ನೊಂದು. ಎರಡೂ ಪೂರ್ತಿ ನಿಜ ಅಲ್ಲ. ಯುಪಿಐ ಆ್ಯಪ್ ಫೋನಿನಲ್ಲೇ ಇದೆ, ಆದರೆ ನೆಟ್ ಹೋದರೆ ಹಣ ಕಳಿಸುವುದು ನಿಲ್ಲುತ್ತದೆ. ಸರಿಯಾಗಿ ಮಾಡಿದ ಒಂದು ವೆಬ್ ಆ್ಯಪ್, ಅಂದರೆ ಬ್ರೌಸರ್‌ನಲ್ಲೇ ತೆರೆದು ಆ್ಯಪ್ ಥರ ಬಳಸುವ ಸೈಟ್, ನೆಟ್ ಇಲ್ಲದಿದ್ದರೂ ತೆರೆದು, ನೀವು ಬರೆದದ್ದನ್ನು ಉಳಿಸಿಕೊಳ್ಳುತ್ತದೆ. ಹೆಸರು ನೋಡಿ ತೀರ್ಮಾನ ಮಾಡಬೇಡಿ, ಪರೀಕ್ಷೆ ಮಾಡಿ ನೋಡಿ. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇಷ್ಟೇ.

ಫ್ಲೈಟ್ ಮೋಡ್ ಪರೀಕ್ಷೆ

ಮೊದಲು ನೆಟ್ ಇರುವಾಗಲೇ ಆ್ಯಪ್ ತೆರೆಯಿರಿ. ಲಾಗಿನ್ ಆಗಿ. ನಿಮಗೆ ಬೇಕಾದ ಪುಟಗಳನ್ನೆಲ್ಲ ಒಮ್ಮೆ ನೋಡಿ ಬನ್ನಿ. ಆಮೇಲೆ ಆ್ಯಪ್ ಅನ್ನು ಪೂರ್ತಿ ಮುಚ್ಚಿ. ಹಿಂದೆ ತೆರೆದ ಆ್ಯಪ್‌ಗಳ ಸಾಲಿನಿಂದಲೂ ತಳ್ಳಿಬಿಡಿ. ಈ ಹಂತ ಬಿಟ್ಟರೆ ಪರೀಕ್ಷೆಯೇ ದಂಡ. ಮೆಮೊರಿಯಲ್ಲಿ ಉಳಿದಿದ್ದ ಹಳೆಯ ಪುಟವೇ ಮತ್ತೆ ಕಾಣಿಸಿ, ಆ್ಯಪ್ ನಡೆಯುತ್ತಿದೆ ಎಂಬ ಭ್ರಮೆ ಹುಟ್ಟಿಸುತ್ತದೆ.

ಈಗ ಫ್ಲೈಟ್ ಮೋಡ್ ಹಾಕಿ. ವೈಫೈ ಕೂಡ ಆಫ್ ಆಗಿದೆಯೇ ನೋಡಿ. ಹೊಸ ಆಂಡ್ರಾಯ್ಡ್ ಫೋನ್‌ಗಳಲ್ಲಿ ಕೆಲವು ಸಲ ಫ್ಲೈಟ್ ಮೋಡ್ ಹಾಕಿದರೂ ವೈಫೈ ಉಳಿದುಕೊಳ್ಳುತ್ತದೆ. ಇದಾದ ಮೇಲೆ ಆ್ಯಪ್ ತೆರೆಯಿರಿ.

ಮಾಹಿತಿಯ ಸಮೇತ ತೆರೆದರೆ ಓದುವ ಮಟ್ಟಿಗೆ ಪಾಸು. ಹೊರಗಿನ ಚೌಕಟ್ಟು ಮಾತ್ರ ಬಂದು ಒಳಗೆಲ್ಲ ಖಾಲಿ ಇದ್ದರೆ, ಆ ಆ್ಯಪ್ ಪ್ರತಿ ಸಲವೂ ಸರ್ವರ್‌ನಿಂದ ಮಾಹಿತಿ ತರುತ್ತಿದೆ ಎಂದರ್ಥ. ಕ್ರೋಮ್‌ನ ಡೈನೋಸಾರ್ ಬಂದರೆ ಆ ವೆಬ್ ಪುಟ ಏನನ್ನೂ ಉಳಿಸಿಕೊಂಡಿಲ್ಲ.

ಓದುವುದಷ್ಟೇ ಸಾಲದು, ಬರೆಯುವುದನ್ನೂ ಪರೀಕ್ಷಿಸಬೇಕು. ಬಹಳ ಜನ ಇದನ್ನು ಮಾಡುವುದಿಲ್ಲ. ಫ್ಲೈಟ್ ಮೋಡ್‌ನಲ್ಲೇ ಒಂದು ಹೊಸ ಲೆಕ್ಕವೋ ಟಿಪ್ಪಣಿಯೋ ಸೇರಿಸಿ. ಫೋನ್ ಅನ್ನೇ ಒಮ್ಮೆ ಸ್ವಿಚ್ ಆಫ್ ಮಾಡಿ ಆನ್ ಮಾಡಿ. ಬರೆದದ್ದು ಅಲ್ಲೇ ಇದೆಯಾ? ಇದ್ದರೆ ನೆಟ್ ಹಾಕಿ. ತಾನಾಗಿಯೇ ಅಪ್‌ಲೋಡ್ ಆಗುತ್ತದೆಯೋ, ನೀವೇ ಒಂದು ಬಟನ್ ಒತ್ತಬೇಕೋ ನೋಡಿ. ಒಂದೇ ಸಲ ಹೋಗಿದೆಯೋ, ಎರಡು ಸಲ ಹೋಗಿದೆಯೋ ಅದನ್ನೂ ನೋಡಿ. ಲೆಕ್ಕದ ಆ್ಯಪ್‌ನಲ್ಲಿ ಒಂದೇ ಎಂಟ್ರಿ ಎರಡು ಸಲ ಕೂತರೆ ಅದನ್ನು ಹುಡುಕಿ ತೆಗೆಯುವುದು ದೊಡ್ಡ ತಲೆನೋವು.

ಇನ್ನೊಂದು ವಿಷಯ ಇದೆ. ಪೂರ್ತಿ ನೆಟ್ ಇಲ್ಲದಿರುವುದಕ್ಕಿಂತ ಅರೆಬರೆ ನೆಟ್ ಜಾಸ್ತಿ ಕಾಟ ಕೊಡುತ್ತದೆ. ಒಂದೇ ಕಡ್ಡಿ ಸಿಗ್ನಲ್ ಇದ್ದಾಗ ಆ್ಯಪ್ ನೆಟ್ ಇದೆ ಎಂದುಕೊಂಡು ಸರ್ವರ್‌ಗೆ ಕಾಯುತ್ತದೆ. ಒಳಗೆ ಉಳಿಸಿಟ್ಟದ್ದನ್ನೂ ತೋರಿಸುವುದಿಲ್ಲ. ಅಂಥ ಜಾಗದಲ್ಲಿ ನೀವೇ ಫ್ಲೈಟ್ ಮೋಡ್ ಹಾಕಿಬಿಡಿ. ಆಫ್‌ಲೈನ್ ನಡೆಯುವ ಆ್ಯಪ್ ಆದರೆ ತಕ್ಷಣ ಚುರುಕಾಗುತ್ತದೆ. ಇದನ್ನೂ ಮನೆಯಲ್ಲೇ ನೋಡಬಹುದು: ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಅನ್ನು 2ಜಿಗೆ ಇಳಿಸಿ ಆ್ಯಪ್ ತೆರೆಯಿರಿ. ಜಿಯೋ ಸಿಮ್‌ನಲ್ಲಿ ಇದು ಆಗಲ್ಲ, ಆ ಕಂಪನಿಗೆ 2ಜಿ ಜಾಲವೇ ಇಲ್ಲ.

ಒಳಗೆ ಏನಾಗುತ್ತದೆ

ಪ್ಲೇ ಸ್ಟೋರ್‌ನಿಂದ ಬರುವ ಆ್ಯಪ್ ಇನ್‌ಸ್ಟಾಲ್ ಆಗುವಾಗಲೇ ತನ್ನ ಪರದೆ, ಬಟನ್, ಚಿತ್ರ, ಲೆಕ್ಕ ಮಾಡುವ ಬುದ್ಧಿ ಎಲ್ಲವನ್ನೂ ಫೋನಿಗೆ ತಂದುಕೊಳ್ಳುತ್ತದೆ. ಮಾಹಿತಿ ಇಟ್ಟುಕೊಳ್ಳಲು ಫೋನಿನಲ್ಲೇ ಅದಕ್ಕೊಂದು ಜಾಗ ಸಿಗುತ್ತದೆ. ಅಲ್ಲಿ ಸಾಮಾನ್ಯವಾಗಿ ಎಸ್‌ಕ್ಯೂಲೈಟ್ ಎಂಬ ಚಿಕ್ಕ ಡೇಟಾಬೇಸ್ ಇರುತ್ತದೆ. ಆದರೆ ಜಾಗ ಇದೆ ಎಂದ ಮಾತ್ರಕ್ಕೆ ಮಾಡಿದವರು ಅದನ್ನು ಬಳಸಿದ್ದಾರೆ ಎಂದಲ್ಲ. ಎಷ್ಟೋ ಆ್ಯಪ್‌ಗಳು ಒಳಗೆ ಒಂದು ವೆಬ್‌ಸೈಟನ್ನೇ ತೆರೆದು ತೋರಿಸುತ್ತವೆ. ಹೊರಗೆ ಐಕಾನ್ ಮಾತ್ರ ಆ್ಯಪ್‌ನದ್ದು. ಇಂಥವು ಫ್ಲೈಟ್ ಮೋಡ್‌ನಲ್ಲಿ ತಕ್ಷಣ ಸಿಕ್ಕಿಬೀಳುತ್ತವೆ.

ವೆಬ್ ಆ್ಯಪ್ ಬ್ರೌಸರ್ ಒಳಗೆ ನಡೆಯುತ್ತದೆ. ಅದರಲ್ಲಿ ಸರ್ವಿಸ್ ವರ್ಕರ್ ಎಂಬ ಸಣ್ಣ ಪ್ರೋಗ್ರಾಂ ಇದ್ದರೆ, ಮೊದಲ ಸಲ ತೆರೆದಾಗಲೇ ಬೇಕಾದ ಫೈಲ್‌ಗಳನ್ನು ಬ್ರೌಸರ್‌ನಲ್ಲಿ ಇಟ್ಟುಕೊಳ್ಳುತ್ತದೆ. ಮುಂದಿನ ಸಲ ನೆಟ್ ಇಲ್ಲದಿದ್ದರೂ ಅವುಗಳನ್ನೇ ತೆಗೆದುಕೊಡುತ್ತದೆ. ಮಾಹಿತಿ ಉಳಿಸಲು ಇಂಡೆಕ್ಸ್‌ಡ್‌ಡಿಬಿ ಎಂಬ ಡೇಟಾಬೇಸ್ ಬ್ರೌಸರ್‌ನಲ್ಲೇ ಇದೆ. ಸರ್ವಿಸ್ ವರ್ಕರ್ ನಡೆಯಬೇಕಾದರೆ ಸೈಟ್‌ನ ವಿಳಾಸ ಎಚ್‌ಟಿಟಿಪಿಎಸ್ (https) ಎಂದು ಶುರುವಾಗಿರಲೇಬೇಕು. ಬರೀ ಎಚ್‌ಟಿಟಿಪಿ ಸೈಟ್‌ಗೆ ಈ ಸೌಲಭ್ಯವನ್ನು ಬ್ರೌಸರ್ ಕೊಡುವುದಿಲ್ಲ.

ಇದರ ಚರಿತ್ರೆಯೂ ಸ್ವಾರಸ್ಯವಾಗಿದೆ. 2007ರಲ್ಲಿ ಮೊದಲ ಐಫೋನ್ ಬಂದಾಗ ಹೊರಗಿನವರು ಆ್ಯಪ್ ಮಾಡಿ ಹಾಕಲು ದಾರಿಯೇ ಇರಲಿಲ್ಲ. ವೆಬ್ ಆ್ಯಪ್ ಮಾಡಿ ಎಂದೇ ಆ್ಯಪಲ್ ಹೇಳಿತ್ತು. 2008ರ ಜುಲೈನಲ್ಲಿ ಆ್ಯಪ್ ಸ್ಟೋರ್ ತೆರೆಯಿತು, ಜನ ಆ ಕಡೆ ವಾಲಿದರು. 2015ರಲ್ಲಿ, ಆ್ಯಪ್ ಥರ ನಡೆಯುವ ಇಂಥ ವೆಬ್ ಆ್ಯಪ್‌ಗೆ ಪ್ರೋಗ್ರೆಸಿವ್ ವೆಬ್ ಆ್ಯಪ್ ಎಂಬ ಹೆಸರು ಹುಟ್ಟಿತು. ಐಫೋನ್‌ನಲ್ಲಿ ಸರ್ವಿಸ್ ವರ್ಕರ್ ನಡೆಯತೊಡಗಿದ್ದು 2018ರ ಮಾರ್ಚ್‌ನಲ್ಲಿ. ಐಫೋನ್‌ನಲ್ಲಿ ವೆಬ್ ಆ್ಯಪ್‌ಗೆ ನೋಟಿಫಿಕೇಶನ್ ಬಂದಿದ್ದು 2023ರ ಮಾರ್ಚ್‌ನಲ್ಲಿ. ಹಾಗಾಗಿ ವೆಬ್ ಆ್ಯಪ್‌ಗೆ ಅದು ಆಗಲ್ಲ, ಇದು ಆಗಲ್ಲ ಎಂದು ಯಾರಾದರೂ ಹೇಳಿದರೆ, ಯಾವ ಕಾಲದ ಮಾತು ಹೇಳುತ್ತಿದ್ದಾರೆ ಎಂದು ಒಮ್ಮೆ ನೋಡಿಕೊಳ್ಳಿ.

ಹೊಲಕ್ಕೆ ಹೋಗುವ ಫೋನು

ನಮ್ಮ ಕಡೆ ಆಫ್‌ಲೈನ್ ಎಷ್ಟು ಮುಖ್ಯ ಎಂದು ತಿಳಿಯಲು ರೈತರ ಬೆಳೆ ಸಮೀಕ್ಷೆ ಆ್ಯಪ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. 2020ರ ಮುಂಗಾರಿನಲ್ಲಿ ಇದು ರೈತರ ಕೈಗೇ ಬಂತು. ತಮ್ಮ ಸರ್ವೆ ನಂಬರಿನಲ್ಲಿ ಏನು ಬೆಳೆದಿದ್ದೇವೆ ಎಂದು ತಾವೇ ಫೋಟೊ ಸಮೇತ ದಾಖಲಿಸುವುದು. ಬೆಳೆ ವಿಮೆ, ಬೆಂಬಲ ಬೆಲೆ, ಬೆಳೆ ಹಾನಿ ಪರಿಹಾರ ಎಲ್ಲಕ್ಕೂ ಈ ದಾಖಲೆ ಲೆಕ್ಕಕ್ಕೆ ಬರುತ್ತದೆ. ಕಬ್ಬು ಇರುವ ಕಡೆ ಭತ್ತ ಎಂದು ಕೂತರೆ ಆಮೇಲೆ ಕಚೇರಿ ಕಚೇರಿ ಅಲೆಯಬೇಕು. ಅಷ್ಟು ಬೆಲೆ ಇರುವ ಕೆಲಸ ಇದು.

ಈ ಕೆಲಸವನ್ನು ಎರಡು ಭಾಗ ಮಾಡಿಕೊಳ್ಳಿ. ಲಾಗಿನ್‌ಗೆ ಒಟಿಪಿ ಬೇಕು, ನಿಮ್ಮ ಊರಿನ ನಕ್ಷೆ ಇಳಿಸಿಕೊಳ್ಳಬೇಕು. ಇದೆಲ್ಲ ಮನೆಯಲ್ಲೋ ಊರ ಮುಂದೆಯೋ ನೆಟ್ ಚೆನ್ನಾಗಿರುವ ಕಡೆ ಮುಗಿಸಿಬಿಡಿ. ಹೊಲದಲ್ಲಿ ಮಾಡಬೇಕಾದ್ದು ಬೆಳೆ ಆರಿಸಿ ಫೋಟೊ ತೆಗೆಯುವುದು ಮಾತ್ರ. ಅಲ್ಲಿ ಅಪ್‌ಲೋಡ್ ಆಗದಿದ್ದರೆ ಗಾಬರಿ ಬೇಡ. ವಾಪಸ್ ಬಂದು ನೆಟ್ ಸಿಕ್ಕಾಗ ಅಪ್‌ಲೋಡ್ ಮಾಡಿ. ಆದರೆ ಅದು ಮುಗಿಯುವ ತನಕ ಆ್ಯಪ್ ತೆಗೆದುಹಾಕಬೇಡಿ, ಸ್ಟೋರೇಜ್ ಕ್ಲಿಯರ್ ಮಾಡಬೇಡಿ. ಫೋಟೊ ಹೋಗಿದೆ ಅನ್ನಿಸುವುದು ಬೇರೆ, ಹೋಗಿದೆ ಎಂದು ಆ್ಯಪ್ ತೋರಿಸುವುದು ಬೇರೆ. ‘ಅಣ್ಣಾ, ಫೋಟೊ ಹೋಯ್ತಾ?’ ಎಂದು ಮಗನೋ ತಮ್ಮನೋ ಕೇಳಿದಾಗ ‘ಹೋಗಿರ್ಬೇಕು ಕಣೋ’ ಎಂದು ಸುಮ್ಮನಾಗದೆ ತೆರೆದು ನೋಡಿ. ಹಂಗಾಮಿಗೊಂದು ಹೊಸ ಆ್ಯಪ್ ಬರುವುದರಿಂದ, ಹೋದ ವರ್ಷದ್ದು ಫೋನಿನಲ್ಲಿದೆ ಎಂದು ನಂಬಿ ಕೂರುವ ಹಾಗೂ ಇಲ್ಲ.

ಇಲ್ಲಿ ಜಿಪಿಎಸ್ ಬಗ್ಗೆ ಒಂದು ಮಾತು ಹೇಳಲೇಬೇಕು. ಜಿಪಿಎಸ್‌ಗೆ ನೆಟ್ ಬೇಡ, ಸಿಮ್ ಕೂಡ ಬೇಡ. ಅದು ಉಪಗ್ರಹಗಳ ಸಿಗ್ನಲ್ ಹಿಡಿದು ನೀವು ಎಲ್ಲಿದ್ದೀರಿ ಎಂದು ಫೋನೇ ಲೆಕ್ಕ ಹಾಕುವುದು. ನೆಟ್ ಇದ್ದರೆ ಯಾವ ಉಪಗ್ರಹ ಎಲ್ಲಿದೆ ಎಂಬ ಮಾಹಿತಿ ಬೇಗ ಸಿಗುತ್ತದೆ, ಆದ್ದರಿಂದ ಜಾಗ ಬೇಗ ತೋರಿಸುತ್ತದೆ. ನೆಟ್ ಇಲ್ಲದಿದ್ದರೆ ಅದೇ ಮಾಹಿತಿಯನ್ನು ಉಪಗ್ರಹದಿಂದಲೇ ಪಡೆಯಬೇಕು, ಒಂದೆರಡು ನಿಮಿಷ ಹಿಡಿಯಬಹುದು. ತಲೆಗಿಂತ ಎತ್ತರ ಬೆಳೆದ ಕಬ್ಬಿನ ನಡುವೆಯೋ ತೆಂಗಿನ ತೋಟದ ಒಳಗೋ ನಿಂತು ಜಾಗ ತಪ್ಪಾಗಿ ತೋರಿಸುತ್ತಿದೆ ಎಂದು ಫೋನನ್ನು ಬೈಯಬೇಡಿ. ಮೊದಲು ಬದುವಿನ ಮೇಲೆ, ಆಕಾಶ ಬಿಚ್ಚಿಕೊಂಡಿರುವ ಕಡೆ ನಿಲ್ಲಿ. ನೀಲಿ ಚುಕ್ಕೆ ಅಲುಗಾಡುವುದು ನಿಲ್ಲುವವರೆಗೂ ಕಾಯಿರಿ. ಆಮೇಲೆ ನಿಮ್ಮ ಸರ್ವೆ ನಂಬರಿನ ಒಳಗೆ ಹೋಗಿ ಫೋಟೊ ತೆಗೆಯಿರಿ.

ಇಂಥ ಕೆಲಸಕ್ಕೆ ಇನ್‌ಸ್ಟಾಲ್ ಮಾಡುವ ಆ್ಯಪ್ಪೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಕ್ಯಾಮೆರಾ, ಜಿಪಿಎಸ್, ದೊಡ್ಡ ನಕ್ಷೆ, ತುಂಬಾ ಹೊತ್ತು ಉಳಿಯಬೇಕಾದ ಫೋಟೊ, ನಾಲ್ಕೂ ಒಟ್ಟಿಗೆ ಬೇಕಾದಾಗ ಬ್ರೌಸರ್ ಮೇಲೆ ಭಾರ ಹಾಕಬಾರದು.

ನಕ್ಷೆ

ಗೂಗಲ್ ಮ್ಯಾಪ್ಸ್‌ನಲ್ಲಿ ನಿಮ್ಮ ಫೋಟೊ ಇರುವ ವೃತ್ತ ಒತ್ತಿ, ಆಫ್‌ಲೈನ್ ಮ್ಯಾಪ್ಸ್‌ಗೆ ಹೋಗಿ, ಬೇಕಾದ ಪ್ರದೇಶ ಆರಿಸಿ ಇಳಿಸಿಕೊಳ್ಳಿ. ಮೈಸೂರು, ನಂಜನಗೂಡು, ಎಚ್.ಡಿ. ಕೋಟೆ ಒಂದೇ ಚೌಕದಲ್ಲಿ ಕೂರುವ ಹಾಗೆ ಹಿಗ್ಗಿಸಬಹುದು. ಇಳಿಸಿದ ನಕ್ಷೆಗೆ ಅವಧಿ ಇರುತ್ತದೆ, ಆಗಾಗ ಅಪ್‌ಡೇಟ್ ಮಾಡಿ. ಆಫ್‌ಲೈನ್‌ನಲ್ಲಿ ಅದು ಗಾಡಿ ಹೋಗುವ ದಾರಿ ಹೇಳುತ್ತದೆ, ನಡೆದು ಹೋಗುವ ದಾರಿ ಹೇಳುವುದಿಲ್ಲ. ಟ್ರಾಫಿಕ್ ಮಾಹಿತಿಯೂ ಇರುವುದಿಲ್ಲ. ಮೇಲುಕೋಟೆಯಲ್ಲಿ ಕಾಲ್ನಡಿಗೆಯಲ್ಲಿ ಸುತ್ತುವವರಿಗೆ, ಕಾಡಂಚಿನ ಊರುಗಳಿಗೆ ಹೋಗುವವರಿಗೆ ಆರ್ಗ್ಯಾನಿಕ್ ಮ್ಯಾಪ್ಸ್ ಒಳ್ಳೆಯದು. ಅದು ಜನರೇ ಸೇರಿ ಮಾಡುವ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆಯ ಮಾಹಿತಿ ಬಳಸುತ್ತದೆ, ಆಫ್‌ಲೈನ್‌ಗೆಂದೇ ಮಾಡಿದ್ದು, ನಡೆಯುವ ದಾರಿಯನ್ನೂ ನೆಟ್ ಇಲ್ಲದೆ ತೋರಿಸುತ್ತದೆ.

ಡಿಎಲ್, ಆರ್‌ಸಿಯನ್ನು ಡಿಜಿಲಾಕರ್ ಅಥವಾ ಎಂಪರಿವಾಹನ್‌ನಲ್ಲಿ ಇಟ್ಟುಕೊಂಡವರು ಹೊರಡುವ ಮುಂಚೆ ಅದಕ್ಕೂ ಫ್ಲೈಟ್ ಮೋಡ್ ಪರೀಕ್ಷೆ ಮಾಡಿ. ಹೆದ್ದಾರಿಯಲ್ಲಿ ಗಾಡಿ ನಿಲ್ಲಿಸಿದಾಗ ಲಾಗಿನ್ ಪುಟ ಬಂದರೆ ಕಷ್ಟ. ಹಣದ ವಿಷಯದಲ್ಲಿ *99# ನೆನಪಿಡಿ. ಬ್ಯಾಂಕಿಗೆ ಕೊಟ್ಟ ನಂಬರಿನಿಂದ ಅದನ್ನು ಡಯಲ್ ಮಾಡಿದರೆ ಇಂಟರ್ನೆಟ್ ಇಲ್ಲದೆಯೂ ಯುಪಿಐ ನಡೆಯುತ್ತದೆ, ಮೊಬೈಲ್ ಸಿಗ್ನಲ್ ಮಾತ್ರ ಇರಬೇಕು. ನಿಮ್ಮ ಸಿಮ್‌ನಲ್ಲಿ ಬರುತ್ತದೆಯೇ ಎಂದು ಮನೆಯಲ್ಲೇ ಒಮ್ಮೆ ನೋಡಿಕೊಳ್ಳಿ.

ವೆಬ್ ಸಾಕಾಗುವ ಕಡೆ

ಕೆಆರ್‌ಎಸ್‌ನಲ್ಲಿ ಇವತ್ತು ನೀರು ಎಷ್ಟಿದೆ ಎಂದು ಮಂಡ್ಯದವರು ಮಳೆಗಾಲದಲ್ಲಿ ದಿನಾ ನೋಡುತ್ತಾರೆ. 124.80 ಅಡಿ ಮುಟ್ಟಿತಾ ಇಲ್ಲವಾ ಎಂಬ ಕುತೂಹಲ ಎಲ್ಲರಿಗೂ. ಇದಕ್ಕೆ ಆ್ಯಪ್ ಬೇಕಿಲ್ಲ. ನಿನ್ನೆಯ ಮಟ್ಟ ಫೋನಿನಲ್ಲಿ ಉಳಿದರೆ ಪ್ರಯೋಜನವೂ ಇಲ್ಲ. ಹೊತ್ತು ಹೊತ್ತಿಗೆ ಬದಲಾಗುವ ಮಾಹಿತಿಗೆ ನೆಟ್ ಬೇಕೇ ಬೇಕು, ವೆಬ್ ಪುಟವೇ ಸಾಕು. ಪಹಣಿ ನೋಡುವುದು, ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕುವುದು, ರಿಸಲ್ಟ್ ನೋಡುವುದು ಇಂಥ ಅಪರೂಪದ ಕೆಲಸಗಳಿಗೂ ಅಷ್ಟೇ. ಜಾಗ ಕಡಿಮೆ ಇರುವ ಫೋನಿನಲ್ಲಿ ಇದಕ್ಕೆಲ್ಲ ಒಂದೊಂದು ಆ್ಯಪ್ ಹಾಕಿಕೊಂಡರೆ, ಕೊನೆಗೆ ಫೋಟೊ ತೆಗೆಯಲೂ ಜಾಗ ಇರುವುದಿಲ್ಲ. ನೆಟ್ ಇರುವಾಗ ಪಹಣಿಯ ಪಿಡಿಎಫ್ ಇಳಿಸಿಟ್ಟುಕೊಂಡರೆ ಆಯಿತು. ಬರೀ ಓದುವ ಪುಟವಾದರೆ ಕ್ರೋಮ್‌ನ ಮೂರು ಚುಕ್ಕಿ ಒತ್ತಿದಾಗ ಬರುವ ಕೆಳಮುಖದ ಬಾಣ ಒತ್ತಿ, ಇಡೀ ಪುಟ ಫೋನಿಗೆ ಇಳಿಯುತ್ತದೆ.

ದಿನಾ ಬಳಸುವ ವೆಬ್ ಆ್ಯಪ್ ಇದ್ದರೆ ಹೋಮ್ ಸ್ಕ್ರೀನ್‌ಗೆ ತಂದುಕೊಳ್ಳಿ. ಆಂಡ್ರಾಯ್ಡ್‌ನಲ್ಲಿ ಕ್ರೋಮ್‌ನ ಮೂರು ಚುಕ್ಕಿ, ಅಲ್ಲಿಂದ ಆ್ಯಡ್ ಟು ಹೋಮ್ ಸ್ಕ್ರೀನ್. ಆಗ ಇನ್‌ಸ್ಟಾಲ್ ಎಂದು ಕೇಳಿದರೆ ಅದನ್ನೇ ಆರಿಸಿ. ಹಾಗೆ ಹಾಕಿದ್ದು ಮೇಲಿನ ವಿಳಾಸದ ಪಟ್ಟಿ ಇಲ್ಲದೆ ಆ್ಯಪ್ ಥರವೇ ತೆರೆಯುತ್ತದೆ. ಬರೀ ಶಾರ್ಟ್‌ಕಟ್ ಆದರೆ ಬ್ರೌಸರ್‌ನ ಒಂದು ಟ್ಯಾಬ್ ತೆರೆಯುತ್ತದೆ ಅಷ್ಟೇ. ಐಫೋನ್‌ನಲ್ಲಿ ಸಫಾರಿಯ ಶೇರ್ ಬಟನ್ ಒತ್ತಿ, ಕೆಳಗೆ ಸರಿಸಿದರೆ ಆ್ಯಡ್ ಟು ಹೋಮ್ ಸ್ಕ್ರೀನ್ ಸಿಗುತ್ತದೆ. ಐಫೋನ್‌ನವರು ಇದನ್ನು ಮಾಡಲೇಬೇಕು. ಬರೀ ಸಫಾರಿಯಲ್ಲಿ ತೆರೆದ ಸೈಟನ್ನು, ಸಫಾರಿ ಬಳಸಿದ 7 ದಿನಗಳವರೆಗೆ ಮುಟ್ಟದಿದ್ದರೆ, ಅದು ಉಳಿಸಿಟ್ಟ ಮಾಹಿತಿಯನ್ನು ಸಫಾರಿ ತೆಗೆದುಹಾಕುತ್ತದೆ. ಹೋಮ್ ಸ್ಕ್ರೀನ್‌ಗೆ ಸೇರಿಸಿದ್ದಕ್ಕೆ ಈ ನಿಯಮ ಇಲ್ಲ. ಆದರೆ ಅದರ ಮಾಹಿತಿ ಸಫಾರಿಯಿಂದ ಬೇರೆಯಾಗಿ ಇರುವುದರಿಂದ ಇನ್ನೊಮ್ಮೆ ಲಾಗಿನ್ ಆಗಬೇಕಾಗಬಹುದು.

ಫೋನ್ ನಿಧಾನ ಆಗಿದೆ ಎಂದು ಮಕ್ಕಳೋ ಅಂಗಡಿಯವರೋ ಬ್ರೌಸರ್ ಕ್ಲೀನ್ ಮಾಡಿಕೊಡುವುದುಂಟು. ಕ್ರೋಮ್‌ನಲ್ಲಿ ಕುಕೀಸ್ ಮತ್ತು ಸೈಟ್ ಡೇಟಾ ಅಳಿಸಿದರೆ, ವೆಬ್ ಆ್ಯಪ್‌ನಲ್ಲಿ ಇನ್ನೂ ಅಪ್‌ಲೋಡ್ ಆಗದ ಲೆಕ್ಕವೂ ಅಳಿಸಿಹೋಗುತ್ತದೆ. ಇನ್‌ಸ್ಟಾಲ್ ಮಾಡಿದ ಆ್ಯಪ್‌ನಲ್ಲಿ ಕ್ಲಿಯರ್ ಕ್ಯಾಶ್ ಒತ್ತಿದರೆ ಭಯವಿಲ್ಲ, ಕ್ಲಿಯರ್ ಸ್ಟೋರೇಜ್ ಒತ್ತಿದರೆ ಎಲ್ಲ ಹೋಯಿತು. ಇವೆರಡೂ ಒಂದೇ ಜಾಗದಲ್ಲಿ ಅಕ್ಕಪಕ್ಕ ಇರುತ್ತವೆ. ಓದಿ ಒತ್ತಿ.

ವಾಟ್ಸ್ಆ್ಯಪ್‌ನಲ್ಲಿ ಬಂದ ಆ್ಯಪ್ ಹಾಕಬೇಡಿ

ಮದುವೆ ಕರೆಯೋಲೆ, ಟ್ರಾಫಿಕ್ ದಂಡ, ಸರ್ಕಾರದ ಯೋಜನೆ ಎಂದು ಹೆಸರಿಟ್ಟ ಎಪಿಕೆ ಫೈಲ್ (ಪ್ಲೇ ಸ್ಟೋರ್ ಇಲ್ಲದೆ ನೇರವಾಗಿ ಆ್ಯಪ್ ಹಾಕುವ ಫೈಲ್) ವಾಟ್ಸ್ಆ್ಯಪ್‌ನಲ್ಲಿ ಬಂದರೆ ದಯವಿಟ್ಟು ಮುಟ್ಟಬೇಡಿ. ಕಳಿಸಿದವರು ಪರಿಚಯದವರೇ ಇರಬಹುದು, ಅವರ ಫೋನೇ ಕಳ್ಳರ ಕೈಗೆ ಸಿಕ್ಕಿರಬಹುದು. ಇನ್‌ಸ್ಟಾಲ್ ಆದ ಆ್ಯಪ್ ಅನುಮತಿ ಪಡೆದರೆ ನಿಮ್ಮ ಎಸ್‌ಎಂಎಸ್ ಓದಬಲ್ಲದು. ಎಸ್‌ಎಂಎಸ್ ಓದಿದರೆ ಒಟಿಪಿ ಸಿಕ್ಕಿತು, ಒಟಿಪಿ ಸಿಕ್ಕರೆ ಖಾತೆ ಖಾಲಿ. ವೆಬ್ ಪುಟಕ್ಕೆ ಹೀಗೆ ನಿಮ್ಮ ಎಸ್‌ಎಂಎಸ್ ಪೆಟ್ಟಿಗೆ ತೆರೆದು ಓದುವ ದಾರಿ ಇಲ್ಲ. ಈ ಒಂದು ಕಾರಣಕ್ಕೆ, ಒಂದೇ ಸಲ ಬಳಸುವ ಕೆಲಸಕ್ಕೆ ನಾನು ಯಾವಾಗಲೂ ವೆಬ್‌ನ ಪರ. ಆದರೆ ನಕಲಿ ಸೈಟ್‌ಗಳೂ ಇವೆ. ಸರ್ಕಾರದ ಸೈಟ್ ಆದರೆ ವಿಳಾಸ ಗವ್ ಡಾಟ್ ಇನ್ (gov.in) ಅಥವಾ ಎನ್‌ಐಸಿ ಡಾಟ್ ಇನ್ (nic.in) ಎಂದು ಕೊನೆಯಾಗುತ್ತದೆಯೇ ನೋಡಿ.

ಆ್ಯಪ್ ಮಾಡಿಸುವವರಿಗೆ

ಹಾಲಿನ ಸಂಘ, ಸ್ತ್ರೀಶಕ್ತಿ ಸಂಘ, ಆಲೆಮನೆ, ಬಿತ್ತನೆ ಬೀಜದ ಅಂಗಡಿ, ಹೀಗೆ ಸ್ವಂತ ಲೆಕ್ಕಕ್ಕೆ ಚಿಕ್ಕ ಆ್ಯಪ್ ಮಾಡಿಸುವವರು ಈಗ ಬಹಳ. ಬರೀ ಬೆಲೆಪಟ್ಟಿ, ಫೋಟೊ, ಫೋನ್ ನಂಬರ್ ತೋರಿಸುವುದಾದರೆ ವೆಬ್ ಸಾಕು, ಹಣ ಉಳಿಸಿ. ಬೆಳಿಗ್ಗೆ ಸಂಜೆ ಲೀಟರ್, ಫ್ಯಾಟ್ ಬರೆಯುವಂಥ ಕೆಲಸಕ್ಕೆ ಆಫ್‌ಲೈನ್ ಖಂಡಿತ ಬೇಕು. ಸಾಲಿನಲ್ಲಿ ಕ್ಯಾನ್ ಹಿಡಿದು ನಿಂತವರು ನೆಟ್ ಬರಲಿ ಎಂದು ಕಾಯುವುದಿಲ್ಲ. ಇದನ್ನು ಒಳ್ಳೆಯ ವೆಬ್ ಆ್ಯಪ್‌ನಲ್ಲೂ ಮಾಡಬಹುದು, ಬರೀ ಅಂಕಿ ಅಕ್ಷರ ತಾನೇ.

ಪ್ಲೇ ಸ್ಟೋರ್‌ನಲ್ಲಿ ಹಾಕಲು ಖಾತೆಗೆ ಒಂದೇ ಸಲ 25 ಡಾಲರ್, ಆ್ಯಪಲ್‌ಗೆ ವರ್ಷಕ್ಕೆ 99 ಡಾಲರ್. ಹೊಸದಾಗಿ ವೈಯಕ್ತಿಕ ಖಾತೆ ತೆರೆದವರು ಪ್ಲೇ ಸ್ಟೋರ್‌ನಲ್ಲಿ ಎಲ್ಲರಿಗೂ ಬಿಡುವ ಮುನ್ನ ಕನಿಷ್ಠ 12 ಜನರಿಂದ 14 ದಿನ ಪರೀಕ್ಷೆ ಮಾಡಿಸಬೇಕು. ಆಂಡ್ರಾಯ್ಡ್‌ನ ಹೊಸ ಆವೃತ್ತಿಗಳಿಗೆ ತಕ್ಕಂತೆ ಆ್ಯಪ್ ಅಪ್‌ಡೇಟ್ ಮಾಡದೆ ಬಿಟ್ಟರೆ, ಹೊಸ ಫೋನ್ ಕೊಂಡವರಿಗೆ ಅದು ಸ್ಟೋರ್‌ನಲ್ಲಿ ಸಿಗುವುದೇ ಇಲ್ಲ. ಅಂದರೆ ಮಾಡಿಸಿದ ಮೇಲೂ ಖರ್ಚು ಇದ್ದೇ ಇರುತ್ತದೆ, ಮೊದಲೇ ಮಾತಾಡಿಕೊಳ್ಳಿ. ಸ್ಟೋರ್‌ನ ಖಾತೆ, ಡೊಮೇನ್ (ಸೈಟ್‌ನ ವಿಳಾಸ) ಎರಡೂ ಮಾಡಿಕೊಟ್ಟ ಹುಡುಗರ ಹೆಸರಲ್ಲಿ ಬೇಡ, ಸಂಘದ ಹೆಸರಲ್ಲೇ ಇರಲಿ.

ಡೆವಲಪರ್‌ಗೆ ಈ ಪ್ರಶ್ನೆಗಳನ್ನು ಕೇಳಿ. ಒಂದೇ ಎಂಟ್ರಿಯನ್ನು ಎರಡು ಫೋನಿನಲ್ಲಿ ನೆಟ್ ಇಲ್ಲದೆ ತಿದ್ದಿದರೆ ಕೊನೆಗೆ ಯಾವುದು ಉಳಿಯುತ್ತದೆ? ಪ್ರತಿ ಎಂಟ್ರಿಗೂ ಫೋನಿನಲ್ಲೇ ಒಂದು ಗುರುತಿನ ಸಂಖ್ಯೆ ಹುಟ್ಟುತ್ತದೆಯೇ? ಅದಿಲ್ಲದಿದ್ದರೆ ನೆಟ್ ಬಂದು ಹೋಗುವಾಗ ಒಂದೇ ಲೆಕ್ಕ ಎರಡು ಸಲ ಸೇರುತ್ತದೆ. ದಾಖಲಾಗುವುದು ಹಾಲು ಅಳೆದ ಹೊತ್ತೋ, ಅಪ್‌ಲೋಡ್ ಆದ ಹೊತ್ತೋ? ಇನ್ನೂ ಹೋಗದ ಎಂಟ್ರಿ ಎಷ್ಟಿವೆ ಎಂದು ಪರದೆಯ ಮೇಲೆ ಕಾಣುತ್ತದೆಯೇ? ಕೊನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಅದೇ ಎಲ್ಲಕ್ಕಿಂತ ಮುಖ್ಯ.

ಕೆಲಸ ಮುಗಿದಿದೆ ಎಂದು ಅವರು ಹೇಳಿದ ಮೇಲೆ, ಸಂಘದಲ್ಲಿ ಇರುವ ಅತಿ ಹಳೆಯ ಫೋನ್ ತೆಗೆದುಕೊಳ್ಳಿ. ಫ್ಲೈಟ್ ಮೋಡ್ ಹಾಕಿ ಬೆಳಗಿನ ಲೆಕ್ಕ ಪೂರ್ತಿ ಬರೆಯಿರಿ. ಪಕ್ಕದಲ್ಲಿ ಪುಸ್ತಕದಲ್ಲೂ ಬರೆದುಕೊಳ್ಳಿ. ಫೋನ್ ಆಫ್ ಮಾಡಿ ಸಂಜೆವರೆಗೆ ಇಡಿ. ಸಂಜೆ ಆನ್ ಮಾಡಿ, ಆ ಹೊತ್ತಿನ ಲೆಕ್ಕವನ್ನೂ ಆಫ್‌ಲೈನ್‌ನಲ್ಲೇ ಸೇರಿಸಿ, ಆಮೇಲೆ ನೆಟ್ ಹಾಕಿ. ಪುಸ್ತಕದ ಒಟ್ಟು ಲೀಟರ್ ಮತ್ತು ಕಂಪ್ಯೂಟರ್‌ನ ಒಟ್ಟು ಲೀಟರ್ ತಾಳೆಯಾದರೆ ಮಾತ್ರ ಕೊನೆಯ ಕಂತು ಕೊಡಿ.